ಏಳನೆಯ ಪೆಟ್ಟು

ಬನಹಟ್ಟಿಯ ಶಿದ್ರಾಮಪ್ಪ ಬಡಿಗೇರ ಹಳೆಯ ಮನೆಯೊಂದರ ತೊಲೆಯನ್ನು ಮರ ಕೆತ್ತುವ ಬಾಚಿಯ ಹಿಂಬದಿಯಿಂದ ಬಡಿದು ನೋಡಿ "ಛಲೋ ಐತಿ" ಅಂದನೆಂದರೆ ಆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಕೆಲಸ ಕೊಡುವ ಮನೆಗಳಲ್ಲಿ ಇದಕ್ಕೆ ಮಾತು ಕೊಡುವುದು ಎನ್ನುತ್ತಿದ್ದರು. ಮಳೆಗಾಲಕ್ಕೆ ಮೊದಲು, ಮಾಳಿಗೆಯ ಮೇಲೆ ಜನರನ್ನು ಕೂರಿಸುವ ಯಾವುದೇ ಕಾರ್ಯಕ್ಕೆ ಮೊದಲು ಹಿರಿಯ ಬಡಿಗನನ್ನು ಕರೆಸುತ್ತಿದ್ದರು. ಅವನು ಏಣಿ ಹತ್ತಿ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ತೊಲೆಯನ್ನು ಏಳು ಕಡೆ ಬಡಿಯುತ್ತಿದ್ದ. ಗಟ್ಟಿ ಕಟ್ಟಿಗೆ ಠಣ್ ಎನ್ನುತ್ತದೆ, ಒಳಗೆ ಕೊಳೆತದ್ದು ಡಬ್ ಎನ್ನುತ್ತದೆ. ಅಷ್ಟೇ ಪರೀಕ್ಷೆ. ಶಿದ್ರಾಮಪ್ಪನ ತಂದೆ ಹೀಗೆ ಮಾತು ಕೊಡುತ್ತಿದ್ದ. ಅವನು ಸತ್ತ ಮೇಲೆ ಮೂವತ್ತೊಂದು ವರ್ಷದಿಂದ ಶಿದ್ರಾಮಪ್ಪ ಕೊಡುತ್ತಿದ್ದ. ಇಬ್ಬರ ಕಾಲದಲ್ಲೂ ಮಾತು ಕೊಟ್ಟ ತೊಲೆ ಒಂದೂ ಬಿದ್ದಿರಲಿಲ್ಲ.

ಆದರೆ ಕಳೆದ ಎರಡು ವರ್ಷದಿಂದ ಅವನಿಗೆ ಠಣ್ಣಿಗೂ ಡಬ್ಬಿಗೂ ವ್ಯತ್ಯಾಸ ಕೇಳಿಸುತ್ತಿರಲಿಲ್ಲ.

ಕಾರಣ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಅವನ ಅಂಗಡಿಯ ಒಂದು ಗೋಡೆಯ ಆಚೆ ಹದಿನಾರು ಪವರ್‌ಲೂಮುಗಳ ಶೆಡ್ಡು ಇತ್ತು. ಈಚೆ ಅವನದೇ ಕಟಿಂಗ್ ಮಷೀನು. ನಡುವೆ ಅವನು ನಲವತ್ತು ವರ್ಷ ನಿಂತಿದ್ದ. ಮೊದಲು ಫೋನಿನ ಗಂಟೆ ಕೇಳಿಸದಾಯಿತು. ಆಮೇಲೆ ಬೆನ್ನ ಹಿಂದಿನಿಂದ ಕರೆದವರ ದನಿ ಹೋಯಿತು. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವನು ಯಾರೂ ಕಲಿಸದೆ ಕಲಿತುಬಿಟ್ಟಿದ್ದ. ಗೊತ್ತಿದ್ದದ್ದು ಹೆಂಡತಿ ಶಿವಗಂಗವ್ವನಿಗೆ ಮಾತ್ರ. "ಜಮಖಂಡಿಗಿ ಹೋಗಿ ಡಾಕ್ಟರಗ ಕಿವಿ ತೋರಸರಿ" ಎಂದು ಆಕೆ ಹೇಳಿದಾಗಲೆಲ್ಲ ಅವನು ಮುಖವನ್ನು ಆಚೆ ತಿರುಗಿಸುತ್ತಿದ್ದ. ತುಟಿ ಕಾಣದಿದ್ದರೆ ಮಾತೂ ಇಲ್ಲ.

ಹಾಗಾದರೆ ಎರಡು ವರ್ಷ ಅವನು ಮಾತು ಕೊಟ್ಟದ್ದು ಹೇಗೆ? ಹಾಲೇಶನ ಮುಖ ನೋಡಿ. ನಲವತ್ತು ದಾಟಿದ ಹಾಲೇಶ ಹದಿನೆಂಟು ವರ್ಷದಿಂದ ಅವನ ಜೊತೆ ಕೆಲಸ ಮಾಡುತ್ತಿದ್ದ. ತೊಲೆ ಡಬ್ ಎಂದರೆ ಏಣಿ ಹಿಡಿದು ಕೆಳಗೆ ನಿಂತ ಹಾಲೇಶನ ಎಡ ಹುಬ್ಬು ಇಳಿಯುತ್ತಿತ್ತು. ಇದು ಹಾಲೇಶನಿಗೇ ಗೊತ್ತಿರಲಿಲ್ಲ. ಶಿದ್ರಾಮಪ್ಪ ಬಡಿಯುವುದು, ಓರೆಗಣ್ಣಿಂದ ಕೆಳಗೆ ನೋಡುವುದು, ಮಾತು ಕೊಡುವುದು. ಇದರಲ್ಲಿ ಮೋಸವೇನೂ ಇಲ್ಲ, ಕಿವಿ ಯಾರದಾದರೇನು, ನಿರ್ಣಯ ತನ್ನದು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಹೀಗೆ ಹೇಳಿಕೊಳ್ಳುವಾಗ ಅವನು ಯಾವಾಗಲೂ ಬೇರೆ ಏನಾದರೂ ಕೆಲಸ ಹಚ್ಚಿಕೊಂಡಿರುತ್ತಿದ್ದ.

ಆ ಬುಧವಾರ ಅವನು ರಬಕವಿಯ ನೇಕಾರ ರಾಮಣ್ಣನ ಮನೆಗೆ ಹೋಗಿದ್ದ. ರಾಮಣ್ಣನ ಮಗಳು ಅಕ್ಷತಾ ಹೆರಿಗೆಗೆ ತವರಿಗೆ ಬಂದಿದ್ದಳು. ಭಾನುವಾರ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಪಡಸಾಲೆಯಲ್ಲಿ ಮೂರು ತೊಲೆ. ನಡುವಿನ ತೊಲೆಯ ಕಬ್ಬಿಣದ ಕೊಂಡಿಗೆ ತೊಟ್ಟಿಲು ಕಟ್ಟುವುದು, ಅದರ ಸುತ್ತ ಹೆಂಗಸರು ಕೂರುವುದು, ಮೇಲೆ ಮಣ್ಣಿನ ಮಾಳಿಗೆಯ ಮೇಲೆ ನೂರು ಜನರ ಪಂಕ್ತಿ ಹಾಕುವುದು ರಾಮಣ್ಣನ ವಿಚಾರ.

"ಒಂದ ಸಲ ಬಡದು ಮಾತ ಕೊಟ್ಟ ಬಿಡ್ರಿ, ನಂದು ಅರ್ಧಾ ಚಿಂತಿ ಹೋತ" ಎಂದ ರಾಮಣ್ಣ.

ಮೊದಲನೆಯ ಮತ್ತು ಮೂರನೆಯ ತೊಲೆಗಳಿಗೆ ಹಾಲೇಶ ಏಣಿ ಹಿಡಿದಿದ್ದ. ಕೊನೆಗೆ ನಡುವಿನ ತೊಲೆಗೆ ಏಣಿ ಸರಿಸುವ ಹೊತ್ತಿಗೆ ಫೋನು ಬಂದು ಅವನು ಹೊರಗೆ ಹೋದ. ಶಿದ್ರಾಮಪ್ಪ ಒಂದು, ಎರಡು, ಮೂರು ಎಂದು ಬಡಿಯುತ್ತ ಹೋದ. ಏಳನೆಯ ಪೆಟ್ಟು ತೆಂಕಣ ಗೋಡೆಯ ಬಳಿ. ಬಡಿದು ಕೆಳಗೆ ನೋಡಿದ. ಹಾಲೇಶ ಇರಲಿಲ್ಲ. ಏಣಿ ಹಿಡಿದಿದ್ದವನು ರಾಮಣ್ಣ. ಅವನ ಮುಖದಲ್ಲಿ ನಂಬಿಕೆ ಬಿಟ್ಟರೆ ಏನೂ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ರಾಮಣ್ಣನ ಹೆಂಡತಿ ಶೇವಂತಿ ಕೈಗೆ ಹಿಟ್ಟು ಮೆತ್ತಿಕೊಂಡು ನಿಂತು ಮೇಲೆ ನೋಡುತ್ತಿದ್ದಳು. ಹಾಲೇಶ ಬರಲಿ ಎಂದು ಕಾಯಬಹುದಿತ್ತು. ಯಾಕೆ ಕಾಯುತ್ತೀರಿ ಎಂದು ರಾಮಣ್ಣ ಕೇಳಿದ್ದರೆ?

"ಛಲೋ ಐತಿ" ಎಂದ ಶಿದ್ರಾಮಪ್ಪ. "ನೂರಲ್ಲ, ನೂರಾ ಇಪ್ಪತ್ತ ಮಂದೀನ್ನ ಕುಂಡರಸು."

ಆ ಇಪ್ಪತ್ತನ್ನು ಯಾಕೆ ಸೇರಿಸಿದೆನೆಂದು ಅವನಿಗೆ ಆಮೇಲೂ ತಿಳಿಯಲಿಲ್ಲ.

ಗುರುವಾರ ಅಂಗಡಿಯಲ್ಲಿ ಬಾಗಿಲಿನ ಹಲಗೆ ನಯ ಮಾಡಲು ರಂದಾ ಹಾಕುವಾಗ ಅವನಿಗೆ ಆ ಗೋಡೆ ನೆನಪಾಯಿತು. ಕಾರ್ಯಕ್ಕೆಂದು ಹೊಸದಾಗಿ ತಿಳಿ ಹಸಿರು ಬಣ್ಣ ಹಚ್ಚಿದ್ದ ಗೋಡೆ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ, ಒಂದು ಗೇಣು ಕೆಳಗೆ, ಬಣ್ಣ ಉಬ್ಬಿತ್ತು. ನಿನ್ನೆ ಕಂಡಿದ್ದ, ಆದರೆ ಲಕ್ಷ್ಯ ಕೊಟ್ಟಿರಲಿಲ್ಲ. ಹೊಸ ಬಣ್ಣ ಉಬ್ಬುವುದು ಒಳಗೆ ಹಸಿ ಇದ್ದರೆ ಮಾತ್ರ. ಮಳೆ ಇಲ್ಲದ ದಿನಗಳಲ್ಲಿ ಹಸಿ ಎಲ್ಲಿಂದ? ಆಗ ಮಾಳಿಗೆಯ ಮೇಲಿನ ಕಪ್ಪು ಬಣ್ಣದ ನೀರಿನ ಟಾಕಿ ಕಣ್ಣಿಗೆ ಬಂತು. ಅದು ಅದೇ ಮೂಲೆಯಲ್ಲಿ ಕೂತಿತ್ತು. ಅವನ ಕೈಯಲ್ಲಿದ್ದ ರಂದಾ ಹಲಗೆಯ ನಡುವೆಯೇ ನಿಂತುಹೋಯಿತು.

ಹೋಗಿ ನೋಡಿಬಿಡಬೇಕು ಎಂದುಕೊಂಡ. ಮರುಕ್ಷಣವೇ, ಹೋಗಿ ಏನೆಂದು ಹೇಳುವುದು? ಕೊಟ್ಟ ಮಾತನ್ನು ಇನ್ನೊಮ್ಮೆ ನೋಡಲು ಬಂದ ಬಡಿಗನನ್ನು ಯಾರೂ ಕಂಡಿಲ್ಲ. ತೊಲೆಯ ಮಾತು ಹೋದರೆ ಉಳಿದದ್ದೂ ಹೋಗುತ್ತದೆ. ಜಮಖಂಡಿಯ ಕಟ್ಟಿಗೆ ಅಡ್ಡೆಯಲ್ಲಿ ದಿಮ್ಮಿಯನ್ನು ಬಡಿದು ಆರಿಸುವವನು ಅವನೇ. ಐದು ಜನ ಬಡಿಗರಿಗೆ ಅಳತೆ ಹಾಕಿ ಕೊಡುವವನು ಅವನೇ. ಕಿವಿ ಹೋದ ಮುದುಕನ ಅಳತೆಯನ್ನು ಯಾರು ನಂಬುತ್ತಾರೆ, ಕಣ್ಣು ಸರಿಯಿದ್ದರೂ?

ಶುಕ್ರವಾರ ಮುಧೋಳಕ್ಕೆ ಹೋಗಲೇಬೇಕಿತ್ತು. ಅಲ್ಲಿ ಕಬ್ಬಿನ ದೊಡ್ಡ ಬೆಳೆಗಾರ ಬಸಗೊಂಡಪ್ಪನ ಹೊಸ ಮನೆಗೆ ಹನ್ನೊಂದು ಬಾಗಿಲುಗಳ ಕೆಲಸ ನಡೆದಿತ್ತು. ಗೇಟು ತೆಗೆದು ಒಳಗೆ ನಡೆದ. ನಡು ಅಂಗಳಕ್ಕೆ ಬಂದ ಮೇಲೆ ನೆಲದ ಮೇಲೆ ಒಂದು ನೆರಳು ಕಂಡು ತಿರುಗಿದರೆ ಬಸಗೊಂಡಪ್ಪನ ಬೇಟೆ ನಾಯಿ ಹಲ್ಲು ಕಿರಿದು ಮೊಳ ದೂರದಲ್ಲಿತ್ತು. ಅಷ್ಟರಲ್ಲಿ ಬಸಗೊಂಡಪ್ಪ ಓಡಿ ಬಂದು ಅದರ ಪಟ್ಟಿ ಹಿಡಿದ.

"ಏನ ಎದಿರಿ ನಿಮ್ಮದು! ಅಲ್ಲಿಂದ ಇಲ್ಲೀತನಾ ಬೊಗಳಕೋತ ಬೆನ್ನ ಹತ್ತೇತಿ, ಹೊಳ್ಳಿ ಸೈತ ನೋಡಲಿಲ್ಲಲ್ಲರಿ ನೀವು!"

"ನಾಯಿಗಿ ಅಂಜಿದ್ರ ಹೆಂಗರಿ" ಎಂದ ಶಿದ್ರಾಮಪ್ಪ. ನಾಯಿಯನ್ನು ನೋಡುತ್ತಲೇ ಬಾಗಿಲ ಕಡೆ ನಡೆದ.

ಒಳಗೆ ಇನ್ನೊಂದು ತೊಡಕು ಕಾದಿತ್ತು. ಚಿದಾನಂದ ಎಂಬ ಬಡಿಗ ದೇವರ ಕೋಣೆಯ ಚೌಕಟ್ಟಿನ ಒಂದು ಕಾಲನ್ನು ಮೂರು ಸೂತು ಕಡಿಮೆ ಕೊಯ್ದುಬಿಟ್ಟಿದ್ದ. ಇಂಚಿನಲ್ಲಿ ಎಂಟು ಸೂತು. ಮೂರೆಂದರೆ ಬೆರಳ ದಪ್ಪವೂ ಇಲ್ಲ, ಆದರೆ ಬಾಗಿಲು ವಾರೆಯಾಗಲು ಅಷ್ಟು ಸಾಕು. ಚಿದಾನಂದ ನೆಲ ನೋಡುತ್ತ ನಿಂತಿದ್ದ. ಶಿದ್ರಾಮಪ್ಪ ಬಸಗೊಂಡಪ್ಪನಿಗೆ ನೇರವಾಗಿ ಹೇಳಿದ: "ಅಳತಿ ನಾ ಬರದ ಕೊಟ್ಟಿದ್ದೆರಿ. ತಪ್ಪ ನಂದು. ಹೊಸಾ ಕಾಲ ನಾ ಹಾಕಿ ಕೊಡ್ತೇನಿ."

ಅಳತೆ ಅವನು ಸರಿಯಾಗಿಯೇ ಬರೆದು ಕೊಟ್ಟಿದ್ದ. ಕೈಕೆಳಗಿನವರ ತಪ್ಪು ಹಿರಿಯನದು ಎಂಬುದು ಅವನ ತಂದೆಯ ಕಾಲದ ನಡತೆ. ಅದನ್ನು ಅವನು ಎಂದೂ ಬಿಟ್ಟವನಲ್ಲ. ಆದರೆ ಅಂದು ಆ ಮಾತು ಬಾಯಿಂದ ಸಲೀಸಾಗಿ ಬಂದಾಗ ಅವನಿಗೆ ಒಳಗೆ ಚುಚ್ಚಿತು. ಮಾಡದ ಮೂರು ಸೂತಿನ ತಪ್ಪನ್ನು ಹೊತ್ತುಕೊಳ್ಳಲು ಕ್ಷಣ ಸಾಕಾಗಿತ್ತು. ಮಾಡಿದ ತಪ್ಪು ರಬಕವಿಯಲ್ಲಿ ನೂರಿಪ್ಪತ್ತು ಜನರಿಗಾಗಿ ಕಾಯುತ್ತಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಅವನು ಲೆಕ್ಕ ಹಾಕುತ್ತ ಕೂತ. ಒಬ್ಬೊಬ್ಬರದು ಸರಾಸರಿ ಐವತ್ತೈದು ಕಿಲೊ. ಮಾಳಿಗೆಯ ಮಣ್ಣು ಒಂದೂವರೆ ಅಡಿ. ತುಂಬಿದ ಟಾಕಿ. ಬಡಿಸುವವರು ಸುಮ್ಮನೆ ಕೂರುವುದಿಲ್ಲ, ಓಡಾಡುತ್ತಾರೆ. ಕೆಳಗೆ ತೊಟ್ಟಿಲು. ಲೆಕ್ಕ ಎಲ್ಲಿಂದ ಶುರು ಮಾಡಿದರೂ ತೊಟ್ಟಿಲಿಗೆ ಬಂದು ನಿಲ್ಲುತ್ತಿತ್ತು.

ಶನಿವಾರ ಬೆಳಿಗ್ಗೆ ಎಂಟು ಗಂಟೆಗೇ ಹಾಲೇಶನನ್ನು ಕರೆದುಕೊಂಡು ರಬಕವಿಗೆ ಹೋದ. "ಕೊಂಡಿಗಿ ಎಣ್ಣಿ ಬಿಡೂದೈತಿ" ಎಂದಷ್ಟೇ ಹಾಲೇಶನಿಗೂ ಹೇಳಿದ್ದ. ಕೊಂಡಿ ನೋಡುವ ನೆಪದಲ್ಲಿ ಏಳನೆಯ ಜಾಗಕ್ಕೆ ಒಂದೇ ಒಂದು ಪೆಟ್ಟು ಹಾಕಿ ಹಾಲೇಶನ ಹುಬ್ಬು ನೋಡಿಬಿಡುವುದು ಅವನ ಯೋಚನೆ. ಹುಬ್ಬು ಇಳಿಯದಿದ್ದರೆ ದೇವರು ದೊಡ್ಡವನು. ಇಳಿದರೆ? ಅಲ್ಲಿಂದ ಮುಂದೆ ಅವನು ಯೋಚಿಸಿರಲಿಲ್ಲ.

ಪಡಸಾಲೆಯಲ್ಲಿ ತೊಟ್ಟಿಲು ಆಗಲೇ ಬಂದು ಮೂಲೆಯಲ್ಲಿ ಕೂತಿತ್ತು. ಪಕ್ಕದ ಮನೆಯ ಪವರ್‌ಲೂಮುಗಳು ಪೂರ್ಣ ಓಟದಲ್ಲಿದ್ದವು. ನೆಲ ನಡುಗುವುದು ಅಂಗಾಲಿಗೆ ತಿಳಿಯುತ್ತಿತ್ತು. ಶಿದ್ರಾಮಪ್ಪ ಏಣಿ ಹತ್ತಿ ಕೊಂಡಿಗೆ ಎಣ್ಣೆ ಬಿಟ್ಟ. ಕೈ ಚಾಚಿ ಗೋಡೆಯ ಬಳಿ ಬಾಚಿಯಿಂದ ಬಡಿದು ಕೆಳಗೆ ನೋಡಿದ. ಹಾಲೇಶ ಇದ್ದ, ಆದರೆ ಅವನ ಮುಖ ಬರಿದಾಗಿತ್ತು. ಇನ್ನೊಮ್ಮೆ ಬಡಿದ. ಹಾಲೇಶ ಕಿವಿಯ ಹತ್ತಿರ ಕೈ ಆಡಿಸಿ, ಈ ಮಗ್ಗದ ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದ.

ಶಿದ್ರಾಮಪ್ಪ ಏಣಿ ಇಳಿದು ಗೋಡೆಗೆ ಒರಗಿ ನಿಂತ. ಉಬ್ಬಿದ ಬಣ್ಣದ ಮೇಲೆ ಯಾರೋ ಮತ್ತೆ ಒಂದು ಕೈ ಬಣ್ಣ ಹಚ್ಚಿದ್ದರು. ಬೆರಳಿಂದ ಒತ್ತಿದ. ತಣ್ಣಗಿತ್ತು.

ಆಗ ಅಡುಗೆಮನೆಯ ಬಾಗಿಲಿಗೆ ಶೇವಂತಿ ಬಂದಳು. ಮದುವೆಗೆ ಮೊದಲು ಹನ್ನೆರಡು ವರ್ಷ ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿದ ಹೆಂಗಸು. ಆ ಗದ್ದಲದಲ್ಲಿ ದನಿ ತೆಗೆದು ಪ್ರಯೋಜನವಿಲ್ಲವೆಂದು ಅಲ್ಲಿ ದುಡಿಯುವ ಹೆಂಗಸರು ಬರೀ ತುಟಿಯಲ್ಲೇ ಮಾತಾಡಿಕೊಳ್ಳುತ್ತಾರೆ. ಅತ್ತೆಯ ದೂರಿನಿಂದ ಹಿಡಿದು ಸೀರೆಯ ಬಣ್ಣದವರೆಗೆ ಎಲ್ಲವನ್ನೂ. ಶೇವಂತಿ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

"ಅಣ್ಣಾ, ಬುಧವಾರ ಆ ಗ್ವಾಡೀ ಕಡೀ ಪೆಟ್ಟ ನಿಮಗ ಹೆಂಗ ಕೇಳಸ್ತು?"

"ಸರಿ ಕೇಳಸ್ತು ತಂಗಿ! ಯಾಕ?" ಎಂದ ಶಿದ್ರಾಮಪ್ಪ, ಮಗ್ಗದ ಗದ್ದಲವನ್ನು ಮೀರುವಂತೆ ದನಿ ಎತ್ತಿ.

ಹಾಲೇಶ ಬೆಚ್ಚಿಬಿದ್ದು ತಿರುಗಿದ. ಕೋಣೆಯೊಳಗೆ ಕೂಸು ಎದ್ದು ಅಳತೊಡಗಿತು. ರಾಮಣ್ಣ ಹೊರಗಿನಿಂದ ಓಡಿ ಬಂದ.

"ಕಾಕಾ, ಯಾಕ ಒದರಾಕತ್ತೀರಿ? ಯಾರಿಗಿ ಉತ್ತರಾ ಕೊಡಾಕತ್ತೀರಿ?" ಎಂದ ಹಾಲೇಶ.

"ಆಕಿ ಕೇಳಿದಳಲ್ಲೋ."

"ಆಕಿ ಬಾಯಿಂದ ಸಪ್ಪಳನ ಬರಲಿಲ್ಲರಿ. ಕರೆಂಟ ಹೋಗಿ ಮಗ್ಗಾ ಸೈತ ನಿಂತಾವ."

ಶಿದ್ರಾಮಪ್ಪ ತಲೆ ಎತ್ತಿ ನೋಡಿದ. ಫ್ಯಾನು ನಿಂತಿತ್ತು. ಅಂಗಾಲಿನ ಕೆಳಗಿನ ನಡುಕ ನಿಂತದ್ದೂ ಗೋಡೆಯ ಚಿಂತೆಯಲ್ಲಿ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ. ಮನೆಯೊಳಗೆ ಎಲ್ಲರಿಗೂ ಕೇಳಿಸುವ ನಿಶ್ಶಬ್ದ ಇತ್ತು, ಅವನೊಬ್ಬನನ್ನು ಬಿಟ್ಟು. ಅವನ ಕಿವಿಯಲ್ಲಿ ಮಗ್ಗ ಎಂದೂ ನಿಲ್ಲುತ್ತಿರಲಿಲ್ಲ.

ಶೇವಂತಿ ಈಗ ದನಿ ತೆಗೆದು, ಆದರೆ ಅವನ ಎದುರಿಗೇ ನಿಂತು, ನಿಧಾನವಾಗಿ ಹೇಳಿದಳು: "ನಮ್ಮ ಶೆಡ್ಡಿನ್ಯಾಗ ನಿಮ್ಮಂಥಾವ್ರನ್ನ ಭಾಳ ಮಂದೀನ್ನ ನೋಡೇನಿರಿ ಅಣ್ಣಾ. ಮಾತಾಡೂಮುಂದ ಕಣ್ಣ ನೋಡೂದಿಲ್ಲ, ಬಾಯಿ ನೋಡ್ತಾರ. ಬುಧವಾರ ಮಗ್ಗಾ ನಿಂತಿದ್ದು, ಆ ಪೆಟ್ಟ ಹಸೀ ಸೀರಿ ಬಡದಂಗ ಆತು. ಇವರಿಗಿ ಹೇಳಿದ್ರ, ಬಡಿಗ್ಯಾರಗ ನೀ ತೊಲಿ ಕಲಸ್ತೀ ಏನ ಅಂತ ನನಗ ಬೈದ್ರು."

ಶಿದ್ರಾಮಪ್ಪನಿಗೆ ಇನ್ನೂ ಒಂದು ದಾರಿ ಇತ್ತು. ಇಲ್ಲ, ಗಮನಿಸಲಿಲ್ಲ, ಗಡಿಬಿಡಿಯಲ್ಲಿದ್ದೆ ಎನ್ನಬಹುದಿತ್ತು. ಜನ ನಂಬುತ್ತಿದ್ದರು. ಅವನು ತೊಟ್ಟಿಲಿನ ಕಡೆ ನೋಡಿ ಹೇಳಿದ:

"ಎರಡ ವರ್ಷದಿಂದ ಕೇಳಸೂದಿಲ್ಲ ನನಗ. ಇವನ ಮಾರಿ ನೋಡಿ ಹೇಳ್ತಿದ್ದೆ. ಬುಧವಾರ ಇವಾ ಹೊರಗ ಹೋಗಿದ್ದಾ. ಹಾಲೇಶಾ, ಏಣಿ ಏರು. ನೀ ಬಡಿ."

ಹಾಲೇಶ ಅವನ ಮುಖವನ್ನೇ ನೋಡಿದ. ಹದಿನೆಂಟು ವರ್ಷದಲ್ಲಿ ಮಾತು ಕೊಡುವ ಬಾಚಿ ಅವನ ಕೈಗೆ ಬಂದಿರಲಿಲ್ಲ. ಏರಿ ಬಡಿದ. ಮೊದಲ ಆರು ಪೆಟ್ಟಿಗೆ ಹುಬ್ಬು ಅಲ್ಲೇ ಇತ್ತು. ಏಳನೆಯದಕ್ಕೆ ಇಳಿಯಿತು.

"ಕಾಕಾ, ಗಿರಮಿಟ್ ಕೊಡ್ರಿ."

"ಈಗ ಯಾಕೋ ಗಿರಮಿಟ್ಟು, ಅವಲಕ್ಕಿ ಮಾಡ್ಯಾಳ ಆಕಿ" ಎಂದ ರಾಮಣ್ಣ, ಏನು ನಡೆದಿದೆ ಎಂಬುದು ಇನ್ನೂ ತಲೆಗೆ ಹತ್ತದೆ. ಬಡಿಗರು ತೂತು ಕೊರೆಯುವ ಬೈರಿಗೆಗೆ ಗಿರಮಿಟ್ ಎನ್ನುತ್ತಾರೆ, ಚುರುಮುರಿಯ ತಿಂಡಿಗೂ ಆ ಕಡೆ ಅದೇ ಹೆಸರು. ಯಾರೂ ನಗಲಿಲ್ಲ.

ಹಾಲೇಶ ಗೋಡೆಯ ಬಳಿ ಕೊರೆದ. ಎರಡು ಬೆರಳಿನಷ್ಟು ಆಳದವರೆಗೆ ಹಳದಿ ಪುಡಿ ಉದುರಿತು. ಆಮೇಲೆ ಕಪ್ಪು ಪುಡಿ, ಒದ್ದೆಯಾದದ್ದು. ಆಮೇಲೆ ಬೈರಿಗೆ ಯಾವ ತಡೆಯೂ ಇಲ್ಲದೆ ಒಳಗೆ ಹೋಯಿತು.

"ಲಡ್ಡಾಗೇತಿ, ಒಳಗ ಪೂರಾ ಕೊಳತೈತಿ" ಎಂದ ಹಾಲೇಶ.

ರಾಮಣ್ಣ ನೆಲದ ಮೇಲೆ ಬಿದ್ದ ಕಪ್ಪು ಪುಡಿಯನ್ನು ಮುಟ್ಟಿ ನೋಡಿದ. ಅವನು ಶಿದ್ರಾಮಪ್ಪನನ್ನು ಇಪ್ಪತ್ತೈದು ವರ್ಷದಿಂದ 'ರೀ' ಹಚ್ಚಿ ಮಾತಾಡಿಸಿದವನು.

"ಕಿವಿ ಇಲ್ಲಂದ್ರ ಬಾಯಿ ಯಾಕ ತಗದಿ? ನಾಳಿ ನನ್ನ ಮೊಮ್ಮಗಳ ಇದರ ಬುಡಕ ಮಲಗಾಕಿದ್ದಳೋ."

ಶಿದ್ರಾಮಪ್ಪನಿಗೆ ಒಂದು ಅಕ್ಷರವೂ ತಪ್ಪಲಿಲ್ಲ. ರಾಮಣ್ಣನ ತುಟಿ ಅವನ ಮುಖದಿಂದ ಮೊಳ ದೂರದಲ್ಲಿತ್ತು. ಅವನು ಮಾಳಿಗೆಯ ಕಡೆ ಕೈ ತೋರಿಸಿದ.

"ಮೊದಲ ಟಾಕಿ ಖಾಲಿ ಮಾಡಸು. ಮ್ಯಾಲ ಒಬ್ಬರೂ ಏರಬಾರದು. ಪಂಕ್ತಿ ಓಣ್ಯಾಗ ಹಾಕು. ತೊಲಿಗಿ ಎರಡ ಕಂಬ ಕೊಡೂನು, ಮಧ್ಯಾನ್ನದಾಗ ಆಗತೈತಿ. ಕಾರ್ಯ ಮುಗದ ಮ್ಯಾಲ ಇದನ್ನ ತಗದು ಬ್ಯಾರೆ ಹಾಕೂನು."

"ಮತ್ತ ನಿನ್ನ ಮಾತ ಕೇಳಂತೀ ಏನ?"

"ಕೇಳಬ್ಯಾಡ. ಹಾಲೇಶನ್ನ ಕೇಳು."

ಹಾಲೇಶ ಏಣಿಯ ಮೇಲಿನಿಂದಲೇ, "ಕಾಕಾ ಹೇಳಿದ್ದು ಖರೆ ಐತಿರಿ" ಎಂದ.

ಕಂಬಗಳು ಬಂದವು. ಹಾಲೇಶ ಮೊದಲನೆಯದನ್ನು ಗೋಡೆಯಿಂದ ಎರಡು ಅಡಿ ಬಿಟ್ಟು ನಿಲ್ಲಿಸಲು ಹೋದಾಗ ಶಿದ್ರಾಮಪ್ಪ ಕೈ ಅಡ್ಡ ಮಾಡಿ ಶೇವಂತಿಯನ್ನು ಕೇಳಿದ: "ತಂಗಿ, ನಿಮ್ಮ ಮಾವನ ಕೈಮಗ್ಗ ಎಲ್ಲಿತ್ತು?"

ಶೇವಂತಿ ಹಾಲೇಶ ನಿಂತ ಜಾಗವನ್ನೇ ತೋರಿಸಿದಳು. ಕುಣಿ ಮಗ್ಗ, ನೇಯುವವನು ಕಾಲು ಇಳಿಬಿಟ್ಟು ಕೂರುವ ಗುಂಡಿ ಅಲ್ಲಿತ್ತು. ಮಗ್ಗ ಹೋದ ಮೇಲೆ ಮಣ್ಣು ತುಂಬಿ ಮೇಲೆ ಕಲ್ಲು ಹಾಸಿದ್ದರು. ಭಾರ ಹೊತ್ತ ಕಂಬವನ್ನು ಅಲ್ಲಿ ಊರಿದ್ದರೆ ಅದು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಕಂಬವನ್ನು ಗಟ್ಟಿ ನೆಲಕ್ಕೆ ಸರಿಸಿ, ತಲೆಗೆ ಅಡ್ಡ ಹಲಗೆ ಕೊಟ್ಟು, ಬುಡಕ್ಕೆ ಎರಡು ಕಡೆಯಿಂದ ಬೆಣೆ ಹೊಡೆದರು. ರಾಮಣ್ಣ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ.

ಇನ್ನು ತೊಟ್ಟಿಲನ್ನು ಕಟ್ಟಬೇಕಾದದ್ದು ಮೊದಲನೆಯ ತೊಲೆಗೆ. ಹಾಲೇಶ ಅದನ್ನು ಹೊಸದಾಗಿ ಏಳು ಕಡೆ ಬಡಿದ, ಏಳು ಕಡೆ ಕೊರೆದೂ ನೋಡಿದ. ರಾಮಣ್ಣ ಅವನ ಕಡೆ ತಿರುಗಿ, "ಹೆಂಗ ಐತಿರಿ?" ಎಂದು ಕೇಳಿದ. ಆ 'ರೀ' ಈಗ ಹಾಲೇಶನಿಗೆ ಹೋಗಿತ್ತು.

ಹಾಲೇಶ ಹಳೆಯ ರೂಢಿಯಂತೆ ಶಿದ್ರಾಮಪ್ಪನ ಕಡೆ ನೋಡಿದ. ಶಿದ್ರಾಮಪ್ಪ ಬೆಣೆಯ ಮೇಲೆ ಕಣ್ಣಿಟ್ಟಿದ್ದ, ಎತ್ತಲಿಲ್ಲ.

"ಛಲೋ ಐತಿ" ಎಂದ ಹಾಲೇಶ.

ಭಾನುವಾರ ಅವನಿಗೆ ಆಮಂತ್ರಣ ಇರಲಿಲ್ಲ, ಬರಬೇಡ ಎಂದೂ ಯಾರೂ ಹೇಳಿರಲಿಲ್ಲ. "ಹೋಗಬ್ಯಾಡರಿ, ಮಂದಿ ಮಾತಾಡ್ತಾರ" ಎಂದು ಶಿವಗಂಗವ್ವ ಎದುರಿಗೆ ಬಂದು ಹೇಳಿದಳು. "ಕಂಬ ನಂದು" ಎಂದು ಅವನು ಹೊರಟ. ಮಾತು ಆಗಲೇ ಹರಡಿತ್ತು. ಮುಧೋಳದ ಬಸಗೊಂಡಪ್ಪ ಬೆಳಿಗ್ಗೆ ಚೌಕಟ್ಟಿನ ಬಗ್ಗೆ ಕೇಳಲು ಫೋನು ಮಾಡಿದ್ದು ಹಾಲೇಶನಿಗೆ. ನಾಯಿಯ ಸುದ್ದಿ ತೆಗೆದು ತಾಸುಗಟ್ಟಲೆ ನಕ್ಕನಂತೆ.

ಓಣಿಯಲ್ಲಿ ಪೆಂಡಾಲು, ಪಂಕ್ತಿ. ಒಳಗೆ ಮೊದಲನೆಯ ತೊಲೆಗೆ ತೊಟ್ಟಿಲು. ಎರಡು ಕಂಬಗಳಿಗೆ ಯಾರೋ ಚೆಂಡು ಹೂವಿನ ಮಾಲೆ ಸುತ್ತಿದ್ದರು, ಬಂದವರು ಅದನ್ನು ಶೃಂಗಾರವೆಂದೇ ತಿಳಿದಿರಬೇಕು. ಒಬ್ಬ ಯುವಕ ಕಂಬಕ್ಕೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಳ್ಳುತ್ತಿದ್ದ. ಶಿದ್ರಾಮಪ್ಪ ಅವನನ್ನು ತೋಳು ಹಿಡಿದು ಈಚೆಗೆ ಎಳೆದು, ಕಂಬದ ಬುಡದಲ್ಲಿ ತಾನು ಕೂತ.

ಹೆಸರಿಡುವ ಹೊತ್ತಾಯಿತು. ಕೂಸಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿದಳು. ಸುತ್ತಲಿನ ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ದಬದಬ ಗುದ್ದಿ ನಕ್ಕರು. ಶಿದ್ರಾಮಪ್ಪನಿಗೆ ಅವಳ ತುಟಿ ಕಾಣಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸುತ್ತಿದ್ದರು. ಎರಡು ವರ್ಷ ಇಂಥ ಹೊತ್ತಿನಲ್ಲಿ ಅವನೂ ತಲೆಯಾಡಿಸಿದ್ದ.

ಅವನು ಪಕ್ಕದಲ್ಲಿದ್ದ ಹಾಲೇಶನ ತೋಳು ಮುಟ್ಟಿದ. "ಏನ ಹೆಸರಿಟ್ರೋ? ನನಗ ಕೇಳಸಲಿಲ್ಲ."

ಎಷ್ಟು ಗಟ್ಟಿಯಾಗಿ ಹೇಳಬೇಕೆಂದು ತಿಳಿಯದೆ ಹಾಲೇಶ ಅವನ ಕಿವಿಗೆ ಬಾಯಿ ಇಟ್ಟು ಕೂಗಿದ: "ಮಧುಮತಿ!"

ಪಡಸಾಲೆಯೆಲ್ಲ ತಿರುಗಿ ನೋಡಿತು. ಒಬ್ಬ ಮುದುಕಿ, "ಕೂಸಿಗಿ ಒಮ್ಮಿ, ಬಡಿಗ್ಯಾಗ ಒಮ್ಮಿ, ಎರಡ ಸಲ ಹೆಸರಿಟ್ಟಂಗಾತ ನೋಡವಾ" ಎಂದಳು. ನಗು ಎದ್ದಿತು. ರಾಮಣ್ಣ ನಗಲಿಲ್ಲ, ಆದರೆ ಸ್ವಲ್ಪ ಹೊತ್ತಿನ ಮೇಲೆ ಒಂದು ಬಟ್ಟಲು ಪಾಯಸ ತಂದು ಶಿದ್ರಾಮಪ್ಪನ ಮುಂದೆ ಇಟ್ಟು ಹೋದ.

ಶಿದ್ರಾಮಪ್ಪ ಪಾಯಸವನ್ನು ಬದಿಗೆ ಸರಿಸಿದ. ಹೆಂಗಸರು ಒಟ್ಟಿಗೆ ಎದ್ದು ಹೊರಗೆ ಊಟಕ್ಕೆ ನಡೆಯತೊಡಗಿದ್ದರು, ನೆಲ ಅದುರುತ್ತಿತ್ತು. ಅವನು ಕಂಬದ ಬುಡದ ಬೆಣೆ ಸಡಿಲಾದರೆ ತಿಳಿಯಲೆಂದು ಅದರ ಮೇಲೆ ಹೆಬ್ಬೆರಳು ಇಟ್ಟು, ಕೊನೆಯವಳು ಹೊಸ್ತಿಲು ದಾಟುವವರೆಗೂ ತೆಗೆಯಲಿಲ್ಲ.